ನೀಲವ್ವನ ಹಿತ್ತಿಲಲ್ಲಿ ಊರಮೆಣಸು

ಲಕ್ಷ್ಮೇಶ್ವರದಲ್ಲಿ ಬಸ್ಸಿಳಿದು, ಬಾಡಿಗೆ ಕೋಣೆಯ ಮುಂದೆ ಟ್ರಂಕು ಇಳಿಸೋಣವೆಂದರೆ ಅಂಗಳವೇ ಕಾಣಿಸಲಿಲ್ಲ. ಇದ್ದಷ್ಟು ಜಾಗದಲ್ಲೂ ಕೆಂಪು ಮೆಣಸಿನಕಾಯಿ ಒಣಗುತ್ತಿತ್ತು. ಓಣಿಗೆಲ್ಲ ನನ್ನ ಆಗಮನ ತಿಳಿಯುವಷ್ಟು ಸೀನಿದೆ. ಮನೆಯೊಡತಿ ನೀಲವ್ವ ರಾಶಿಯಿಂದ ಒಂದು ಗಿಡ್ಡ, ದಪ್ಪ, ಸುಕ್ಕುಸುಕ್ಕಾದ ಕಾಯಿ ಎತ್ತಿ ನನ್ನ ಅಂಗೈಗಿಟ್ಟಳು.

“ತಿನ್ರಿ ಮಾಸ್ತರ.”

ನಮ್ಮ ಕರಾವಳಿಯಲ್ಲಿ ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುತ್ತೇವೆ. ಹೊಸ ಮೇಷ್ಟ್ರು ಅಂಜುಬುರುಕನೆಂಬ ಸುದ್ದಿ ನನಗಿಂತ ಮೊದಲು ಶಾಲೆ ತಲುಪಬಾರದೆಂದು ಕಣ್ಣು ಮುಚ್ಚಿ ಕಚ್ಚಿದೆ. ಉರಿಗಾಗಿ ಕಾದೆ. ಬಂದದ್ದು ಒಣದ್ರಾಕ್ಷಿಯಂಥ ಸಿಹಿ. ಅದರ ಹಿಂದೆ, ನಾಚುತ್ತ, ಸ್ವಲ್ಪ ಖಾರ.

“ಇದಕ್ಕ ಡಬ್ಬಿ ಮೆಣಸಿನಕಾಯಿ ಅಂತಾರ. ನನ್ನ ಲಗ್ನದಾಗ ನಮ್ಮವ್ವ ಬಾಳೆಹೊಸೂರಾಗ ಉಡಿಯೊಳಗ ಹಾಕಿ ಕಳಿಸಿದ ಬೀಜ,” ಎಂದಳು.

ಕರಾವಳಿಯಲ್ಲಿ ನಮಗೆ ಹಂಚಿನ ಇಳಿಜಾರು ಮಾಡು. ಇಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆ, ಮೇಲೆ ಹತ್ತಿ ಮಲಗಬಹುದು. ಅಲ್ಲಿ ಬಾವಿಗೆ ಬಗ್ಗಿದರೆ ಸಿಹಿನೀರು; ಇಲ್ಲಿನ ಸವಳು ನೀರಿಗೆ ಸಾಬೂನೂ ಸೋಲುತ್ತದೆ, ನನ್ನ ತಲೆಗೂದಲು ತಿಂಗಳುಗಟ್ಟಲೆ ತೆಂಗಿನ ನಾರಾಗಿತ್ತು. ನಾನು ಮೊದಲು ಬಡಿದ ಸೊಟ್ಟ ರೊಟ್ಟಿಯನ್ನು ನೀಲವ್ವನ ಗಂಡ ಫಕೀರಪ್ಪ ತಿರುಗಿಸಿ ಮುರುಗಿಸಿ ನೋಡಿ, “ಇದು ಯಾವ ತಾಲೂಕಾರಿ ಮಾಸ್ತರ?” ಎಂದು ಕೇಳಿದ.

ರವಿವಾರಗಳು ಕಷ್ಟ. ಊರು ನೆನಪಾಗಿ ನಾನು ಮುಖ ಸಣ್ಣ ಮಾಡಿದರೆ ನೀಲವ್ವ ರೊಟ್ಟಿಯ ಮೇಲೆ ರಂಜಕ ಹಾಕಿ ಕೊಡುವಳು. ಹಸಿ ಕೆಂಪುಕಾಯಿಯನ್ನು ಬೆಳ್ಳುಳ್ಳಿ, ಉಪ್ಪು, ಲಿಂಬೆರಸದ ಜೊತೆ ರುಬ್ಬಿದ ಚಟ್ನಿ ಅದು. ಬದಲಿಗೆ ನಾನು ಅಣಕು ಮಾಡಬೇಕು: ನಮ್ಮ ಹೆಡ್‌ಮಾಸ್ತರರದು, ಬಸ್ ಕಂಡಕ್ಟರನದು, ದೇವಸ್ಥಾನದಲ್ಲಿ ದೋಸೆಯ ವಾಸನೆ ಬಂದೊಡನೆ ಮಂತ್ರಕ್ಕೆ ಓಟ ಕಲಿಸುವ ನನ್ನ ಅಪ್ಪನದು. “ಈಗ ನನ್ನಂಗ ಮಾಡ್ರಿ,” ಎನ್ನುವಳು. ಎಮ್ಮೆಗೆ ಅವಳು ಬೈಯುವುದನ್ನು ಮಾಡಿ ತೋರಿಸಿದರೆ ಸೆರಗಿನಲ್ಲಿ ಬಾಯಿ ಮುಚ್ಚಿ ನಗುವಳು.

ಆ ನಗು ನಿಂತದ್ದು ನನ್ನಿಂದಲೇ.

ಮಳೆಗಾಲದ ಮೊದಲಿಗೆ ಅಮ್ಮ ಅಂಚೆಯಲ್ಲಿ ಊರಮೆಣಸಿನ ಬೀಜ ಕಳಿಸಿದಳು. ನಮ್ಮ ಕರಾವಳಿಯ ಹಿತ್ತಿಲುಗಳಲ್ಲೆಲ್ಲ ಇರುವ ಖಾರದ ಕಾಯಿ, ಸಣ್ಣ ಬೆಂಕಿ. ಯಾರಿಗೂ ಹೇಳದೆ ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಆರು ಗಿಡ ಎಬ್ಬಿಸಿದೆ. ಹತ್ತು ಹೆಜ್ಜೆ ಆಚೆ ನೀಲವ್ವನ ಹನ್ನೆರಡು ಡಬ್ಬಿ ಗಿಡಗಳಿದ್ದವು. ಹೊಲದ ಬೆಳೆ ಮಾರಾಟಕ್ಕೆ. ಈ ಹನ್ನೆರಡು ಮುಂದಿನ ವರ್ಷದ ಬೀಜಕ್ಕೆ. ನನ್ನವು ಹೂಬಿಟ್ಟ ದಿನ ನೀಲವ್ವ ಕಂಡಳು. ಎರಡು ದಿನ ರಂಜಕವೂ ಇಲ್ಲ, ರೊಟ್ಟಿಯೂ ಇಲ್ಲ. ಎಮ್ಮೆಯ ಅಣಕು ಮಾಡಿದೆ. ಎಮ್ಮೆ ಮಾತ್ರ ತಿರುಗಿ ನೋಡಿತು.

ಹಗ್ಗ ಹೊಸೆಯುತ್ತ ಕುಳಿತಿದ್ದ ಫಕೀರಪ್ಪ ಕೊನೆಗೆ ಬಾಯಿಬಿಟ್ಟ. “ಹುಳ ನಿಮ್ಮ ಹೂವಿನ ಮ್ಯಾಲ ಕುಂತು ನಮ್ಮ ಹೂವಿಗೆ ಬರತಾವ್ರಿ. ಆ ಬೀಜ ಬಿತ್ತಿದ್ರ ಡಬ್ಬಿ ಡಬ್ಬಿಯಾಗಿ ಉಳಿಯಂಗಿಲ್ಲ. ಆಕಿ ಹತ್ತಿ ಹೊಲದಾಗ ಹೂವಿಗೆ ಹೂ ಮುಟ್ಟಿಸೋ ಕೆಲಸಕ್ಕ ಹೋಗ್ಯಾಳ, ಎಲ್ಲಾ ಗೊತ್ತೈತಿ.”

“ಕಿತ್ತುಹಾಕಿ ಅಂತ ಹೇಳಬಹುದಿತ್ತಲ್ಲ?”

“ನಿಮ್ಮವ್ವ ಟಪಾಲಿನ್ಯಾಗ ಕಳಿಸಿದ ಬೀಜ ಅಲ್ಲೇನ್ರಿ? ಆಕಿ ಬಾಯಾಗ ಆ ಮಾತು ಹೆಂಗ ಬರಬೇಕು?”

ನಾನೇ ಕೀಳಲು ಹೋದೆ. ಮೊದಲ ಗಿಡದ ಬುಡ ಹಿಡಿದಿದ್ದೆ, ಹಿಂದಿನಿಂದ ನೀಲವ್ವ ಬಂದಳು.

“ಬಿಡ್ರಿ. ಕಿತ್ತರ ನಿಮ್ಮವ್ವಗ ಏನಂತ ಬರೀತೀರಿ? ಹೂವಷ್ಟ ಚಿವುಟ್ರಿ, ನನ್ನವು ಕಾಯಿ ಹಿಡಿಯೋತನಕ.”

ಆಮೇಲೆ ತನ್ನ ಹನ್ನೆರಡು ಗಿಡದಲ್ಲೂ ಆ ಮೂರು ದಿನ ಅರಳಿದ್ದ ಹೂಗಳನ್ನು ತಾನೇ ಚಿವುಟಿ ಹಾಕಿದಳು. ಅವುಗಳ ಮೇಲೆ ನಂಬಿಕೆ ಹೋಗಿತ್ತು.

ಅಂದಿನಿಂದ ಸುಮಾರು ಒಂದು ತಿಂಗಳು, ಹುಳ ಏಳುವ ಮೊದಲೇ ಎದ್ದು ಅಮ್ಮನ ಗಿಡಗಳ ಮೊಗ್ಗು ಚಿವುಟಿದೆ. ಅಪ್ಪ ಬೆಳಿಗ್ಗೆ ದೇವರಿಗೆ ಹೂ ಕೊಯ್ಯುತ್ತಾನೆ. ಮಗ ಯಾವ ದೇವರಿಗೂ ಏರದ ಹೂ ಕೊಯ್ದ. ಅಮ್ಮನ ಪ್ರತಿ ಇನ್‌ಲ್ಯಾಂಡಿನಲ್ಲೂ ಒಂದೇ ಪ್ರಶ್ನೆ, ಕಾಯಿ ಬಿಟ್ಟಿತಾ? ಹವೆಯ ಬಗ್ಗೆ ಬರೆದು ಪುಟ ತುಂಬಿಸಿದೆ.

ಒಂದು ದಿನ ನೀಲವ್ವ ತನ್ನ ಗಿಡಗಳ ಎಳೆಗಾಯಿಗಳಿಗೆ ಬಿಳಿ ನೂಲು ಕಟ್ಟಿದಳು. “ನೂಲಿದ್ದವು ಬೀಜಕ್ಕ. ಇನ್ನ ನಿಮ್ಮವು ಅರಳಲಿ.”

ಅರಳಿದವು, ತಡವಾಗಿ ಕಾಯಿ ಬಿಟ್ಟವು. ಬಣ್ಣಕ್ಕೆ ಅವಳದು, ಖಾರಕ್ಕೆ ನನ್ನದು ಹಾಕಿ, ತೆಂಗಿನಕಾಯಿ ಅರೆದು ಹುಳಿ ಮಾಡಿದೆ. ನೀಲವ್ವ ಒಂದು ತುತ್ತು ತಿಂದು ಒಂದು ಚೊಂಬು ನೀರು ಕುಡಿದಳು.

“ಇದನ್ನ ತಿನಿಸಿ ಬೆಳೆಸ್ಯಾರ, ಅದಕ್ಕ ನಿಮ್ಮ ಬಾಯಿ ಸುಮ್ನಿರಂಗಿಲ್ಲ,” ಎಂದು ಕಣ್ಣೊರೆಸಿಕೊಂಡು ಇನ್ನೊಂದು ಸೌಟು ಬಡಿಸಿಕೊಂಡಳು.

ಬೇಸಿಗೆ ರಜೆಗೆ ಊರಿಗೆ ಹೊರಟಾಗ ನೂಲಿನ ಕಾಯಿಯ ಬೀಜ ಒಂದು ಹಿಡಿ ಕಟ್ಟಿಕೊಟ್ಟಳು. ಅಮ್ಮ ಪೊಟ್ಟಣ ಮೂಸಿ ನೋಡಿದಳು. “ಖಾರ ಇಲ್ಲದ್ದಾ? ನಮ್ಮ ಗಿಡದ ಹತ್ತಿರ ಹಾಕಬೇಡ ಮಾರಾಯ, ಊರಮೆಣಸು ಹಾಳಾಗ್ತದೆ.”

“ನಿಮಗಿಬ್ಬರಿಗೆ ಮೊದಲೇ ಪರಿಚಯ ಉಂಟಾ?” ಎಂದು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಆ ಪೊಟ್ಟಣದ ಜೊತೆ ತನ್ನದೂ ಒಂದು ಕೊಟ್ಟು ಬಸ್ಸು ಹತ್ತಿಸಿದಳು.

ಈ ಚಳಿಗಾಲ, ನೂಲಿನ ಬೀಜದಿಂದ ಬೆಳೆದ ಮೊದಲ ಕಾಯಿ ಒಣಗಿತು. ನೀಲವ್ವ ಅರ್ಧ ಕಚ್ಚಿ, ಬಹಳ ಹೊತ್ತು ಅಗಿದು, ಉಳಿದರ್ಧ ನನಗೆ ಕೊಟ್ಟಳು. ಸಿಹಿಯೇ. ಕೆಟ್ಟಿರಲಿಲ್ಲ. “ಆತು,” ಎಂದಳು, ಅಷ್ಟೇ.

ಎರಡು ಪೊಟ್ಟಣಗಳೂ ಈಗ ನನ್ನ ಟ್ರಂಕಿನಲ್ಲಿವೆ. ಎರಡನ್ನೂ ದೂರ ದೂರ ಬಿತ್ತುವಷ್ಟು ನೆಲ ನನಗೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ನಿನ್ನೆ ಬಿಚ್ಚಿ ನೋಡಿದರೆ ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ. ಬೀಜ ಎರಡೂ ಒಂದೇ ಥರ. ಒಂದೊಂದನ್ನು ನಾಲಗೆಗೆ ಇಟ್ಟು ನೋಡಿ, ಕಣ್ಣಲ್ಲಿ ನೀರು ತರಿಸಿದ್ದರ ಮೇಲೆ ‘ಅಮ್ಮ’ ಎಂದು ಬರೆದೆ, ಇನ್ನೊಂದರ ಮೇಲೆ ‘ನೀಲವ್ವ’ ಎಂದು.