ಫ್ರಾನ್ಸಿನ ಬಡಗಿ ಎತ್ತಿದ ಸುತ್ತಿಗೆ

ಕೋಟೇಶ್ವರದ ಹತ್ತಿರದ ಮೀನುಗಾರರ ಕಾಲೊನಿಗೆ ಫ್ರಾನ್ಸಿನ ಬಡಗಿಯೊಬ್ಬ ಹೆಂಡತಿ, ಪುಟ್ಟ ಮಗಳ ಜೊತೆ ಬಾಡಿಗೆಗೆ ಬಂದಿದ್ದ. ದೋಣಿ ಕಟ್ಟುವುದು ಅವನ ಕಸುಬು. ನಾನು ಅವರ ಮನೆಗೆ ವೈರಿಂಗ್ ಮಾಡುತ್ತಿದ್ದಾಗ ಹಿತ್ತಿಲಲ್ಲಿ ಅವನ ಹೆಂಡತಿ ಕಿರುಚಿದಳು.

ಓಡಿಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾಗರಹಾವು ಹೆಡೆ ಎತ್ತಿದೆ. ಎದುರಿಗೇ ಮಗು ಕೂತಿದೆ. ಬಡಗಿ ಸುತ್ತಿಗೆ ಎತ್ತಿಕೊಂಡು ನುಗ್ಗಿದ. ಏಟು ತಪ್ಪಿದರೆ ಹಾವು ಮಗುವನ್ನು ಕಚ್ಚುತ್ತದೆ. ತಪ್ಪದಿದ್ದರೆ, ನಾಗನನ್ನು ಕೊಂದವರನ್ನು ಈ ಕಾಲೊನಿಯಲ್ಲಿ ಯಾರು ಇರಗೊಡುತ್ತಾರೆ? ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು "ನೋ, ನೋ" ಎಂದೆ. ಅವನು ನನಗೇ ಹೊಡೆಯುವವನಂತೆ ನೋಡಿದ.

ಪಕ್ಕದ ಮನೆಯ ಗಿರಿಜಕ್ಕ ಬೇಲಿಯಾಚೆಯಿಂದ ಕೂಗಿದರು: "ಹ್ವಾಯ್, ಯಾರೂ ಅಲ್ಲಾಡ್ಬೇಡಿ! ಅದ್ರಷ್ಟಕ್ಕೆ ಅದ್ ಹೋತ್ತ್."

ಉಸಿರು ಬಿಗಿಹಿಡಿದು ನಿಂತೆವು. ಭಯಕ್ಕೋ ಏನೋ, ಮಗುವೂ ಮಿಸುಕಲಿಲ್ಲ. ಕೊನೆಗೆ ಹಾವು ಹೆಡೆ ತಗ್ಗಿಸಿ ಬೇಲಿಯ ಬುಡಕ್ಕೆ ಸರಿದುಹೋಯಿತು. ತಾಯಿ ಮಗುವನ್ನು ಬಾಚಿಕೊಂಡು ಅತ್ತಳು. ಬಡಗಿ ನನ್ನ ಹೆಗಲ ಮೇಲೆ ಕೈಯಿಟ್ಟ.

ಮರುದಿನ ನಾನು ಬೇಲಿಯ ಹತ್ತಿರ ಗಿರಿಜಕ್ಕನ ಜೊತೆ ಮಾತಾಡುತ್ತಿದ್ದಾಗ ಅವನು ಕಾಗದ, ಪೆನ್ನು ಹಿಡಿದು ಬಂದ. ಇಲ್ಲಿ ಏನನ್ನೆಲ್ಲ ಕೊಲ್ಲಬಾರದು ಎಂದು ಹೇಳಬೇಕಂತೆ.

ನಾನು ಗಿರಿಜಕ್ಕನ ಮುಖ ನೋಡಿದೆ. ಅವರು ತುಂಬ ಹೊತ್ತು ಯೋಚಿಸಿ ಹೇಳಿದರು: "ಸೊಳ್ಳಿ ಕೊಂದ್ರೆ ಅಡ್ಡಿಲ್ಲೆ."