ಎತ್ತಿಗೆ ಮಾತು ಬರೆದದ್ದು

ಮಂಡಕ್ಕಿಗೂ ಹಿಮಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಹಿಮವನ್ನು ಯಾರೂ ಟೀ ಜೊತೆ ತಿನ್ನುವುದಿಲ್ಲ. ಮಿಕ್ಕಂತೆ ಎರಡೂ ಬಿಳಿ, ಎರಡೂ ಹಗುರ, ದೂರದಿಂದ ನೋಡುವ ಕ್ಯಾಮೆರಾಕ್ಕೆ ಎರಡೂ ಒಂದೇ. ಈ ಪರಮಸತ್ಯದ ಸಾಕ್ಷಾತ್ಕಾರ ನನಗಾದದ್ದು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅಜ್ಜಂಪುರದ ಆಚೆಯ ಒಂದು ಬಯಲಿನಲ್ಲಿ, ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಮೂಟೆಗಟ್ಟಲೆ ಮಂಡಕ್ಕಿ ಹಿಮಾಚ್ಛಾದಿತ ಪ್ರದೇಶವಾಗಿ ಪರಿವರ್ತನೆಗೊಳ್ಳುವುದನ್ನು ಕಣ್ಣಾರೆ ಕಾಣುತ್ತಿದ್ದಾಗ.

ಸಿನಿಮಾ ಮಾಡುತ್ತಿದ್ದವಳು ನನ್ನ ತಂಗಿ ಗೌರಿಯ ಮೊಮ್ಮಗಳು ಸಿಂಚನಾ. ಇದು ಇಂಡಿಪೆಂಡೆಂಟ್ ಸಿನಿಮಾ ಎಂದು ಅವಳು ಹೆಮ್ಮೆಯಿಂದ ಹೇಳುತ್ತಾಳೆ. ಅಂದರೆ ಇದನ್ನು ಮಾಡು ಎಂದು ಅವಳನ್ನು ಯಾರೂ ಕೇಳಿಲ್ಲ ಎಂದರ್ಥ. ಡೈರೆಕ್ಟರ್ ಅವಳೇ, ಕ್ಯಾಮೆರಾ ಹಿಡಿಯುವವಳೂ ಅವಳೇ, ಬೆಳಗ್ಗೆ ಎಲ್ಲರಿಗೂ ಉಪ್ಪಿಟ್ಟು ಕೆದಕುವವಳೂ ಅವಳೇ. ಸೌಂಡಿಗೆ ಅವಳ ಕಾಲೇಜಿನ ಗೆಳತಿ, ತರೀಕೆರೆಯ ಅಫ್ರೀನ್. ಸದಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನಮಗಾರಿಗೂ ಕೇಳಿಸದ ಬಸ್ಸುಗಳಿಗೆ ಶಾಪ ಹಾಕುತ್ತಿರುವ ಹುಡುಗಿ. ಡೈಲಾಗ್ ನನ್ನದು. ಕಡೂರಿನಲ್ಲಿ ಮೂವತ್ತು ವರ್ಷ ಕಾಲೇಜು ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದವಳನ್ನು ಸಿನಿಮಾದಲ್ಲಿ ಇನ್ಯಾವುದಕ್ಕೆ ಬಳಸಲು ಸಾಧ್ಯ ಹೇಳಿ?

ಕಥೆ ಒಂದು ಹಳೆಯ ಇಂಗ್ಲಿಷ್ ಮಕ್ಕಳ ಕಾದಂಬರಿಯದು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗಿ ಅದರ ಕೊನೆಯ ಅಧ್ಯಾಯ ಓದುತ್ತೀರಿ, ಆಮೇಲೆ ನನ್ನ ಮಾನ ಉಳಿಯುವುದಿಲ್ಲ. ಒಬ್ಬ ದೈತ್ಯ ಲೋಕದ ಗಾಳಿಯನ್ನೆಲ್ಲ ಹಿಡಿದು ಒಂದು ದೊಡ್ಡ ಗಂಟೆಯೊಳಗೆ ಕೂಡಿಹಾಕಿದ್ದಾನೆ. ಗಾಳಿಯಿಲ್ಲದೆ ಮೋಡ ಕದಲದು, ಋತು ಬದಲಾಗದು, ಬಿದ್ದ ಹಿಮ ಬಿದ್ದಲ್ಲೇ ಇದೆ. ಒಬ್ಬ ಪುಟ್ಟ ಹುಡುಗಿ, ಮಾತನಾಡುವ ಒಂದು ಮುದಿ ಕುದುರೆಯ ಜೊತೆ ಹೋಗಿ, ಆ ಗಾಳಿಯನ್ನು ಬಿಡಿಸುತ್ತಾಳೆ. ಇಷ್ಟೇ.

ಗಾಳಿಯೇ ಇಲ್ಲದ ದೇಶವನ್ನು ಚಿತ್ರೀಕರಿಸಲು ನಮ್ಮ ಸಿಂಚನಾ ಆರಿಸಿಕೊಂಡದ್ದು ಕಡೂರು ಸೀಮೆಯ ಬಯಲನ್ನು, ಅದೂ ಆಷಾಢದಲ್ಲಿ! ನಮ್ಮಲ್ಲಿ ಆ ತಿಂಗಳು ಮಹಡಿಯ ಮೇಲೆ ಒಣಹಾಕಿದ ಸೀರೆಯನ್ನು ಪಕ್ಕದ ಬೀದಿಯಲ್ಲಿ ವಿಚಾರಿಸಬೇಕಾಗುತ್ತದೆ. ಆಕ್ಷನ್ ಎಂದೊಡನೆ ಹಿಮವೆಲ್ಲ ಎದ್ದು ತರೀಕೆರೆಯ ದಿಕ್ಕಿಗೆ ಪ್ರಯಾಣ ಬೆಳೆಸುತ್ತಿತ್ತು. ಕುದುರೆಯ ವಿಷಯ ಇನ್ನೂ ಚೆಂದ. ಬೀರೂರಿನಲ್ಲಿ ಒಂದು ಸಿಕ್ಕಿತು. ಮದುವೆ ಮೆರವಣಿಗೆಗೆ ಹೋಗಿ ಹೋಗಿ ಅಭ್ಯಾಸವಾದ ಆ ಪ್ರಾಣಿ, ಬ್ಯಾಂಡ್ ಬಾರಿಸದೆ ಒಂದು ಹೆಜ್ಜೆಯನ್ನೂ ಎತ್ತಿಡಲಿಲ್ಲ. ಹಾಗಾಗಿ ಕುದುರೆ ಹೋಗಿ ಎತ್ತು ಬಂತು. ಕೆಂಚಪ್ಪ ಎಂಬ ರೈತನ ಅಮೃತಮಹಲ್ ಎತ್ತು, ಹೆಸರು ರಾಯ. ಬೂದುಬಣ್ಣ, ಹಿಂದಕ್ಕೆ ಚಾಚಿದ ನೀಳ ಕೊಂಬು, ಯಾರನ್ನೂ ಲೆಕ್ಕಕ್ಕಿಡದ ಗಾಂಭೀರ್ಯ.

“ಇವ್ನು ಮಾತಾಡ್ತಾನಾ?” ಎಂದು ಕೆಂಚಪ್ಪ ಮೊದಲ ದಿನವೇ ಬೆರಗಾದ. “ನಮ್ಮನೇಲಿ ಹುಟ್ಟಿ ಬೆಳ್ದು ಹತ್ತು ವರ್ಷ ಆಯ್ತು ಕಣ್ರೀ ಮೇಡಂ, ನನ್ ಹತ್ರ ಒಂದ್ ಮಾತಾಡಿಲ್ಲ. ಕಳ್ಳ ನನ್ಮಗ!”

ರಾಯ ಮಾತನಾಡುವುದು ಹೇಗೆಂಬುದನ್ನು ನಮಗೆ ಕಲಿಸಿದ್ದು ಆ ಹಿಮವೇ. ಅವನು ಸೀನರಿಯನ್ನು ತಿನ್ನತೊಡಗಿದ. ದವಡೆ ಆಡಿತು, ತುಟಿ ಆಡಿತು, ಸಿಂಚನಾ ಕುಣಿದಾಡಿದಳು. ಅಂದಿನಿಂದ ನನ್ನ ಸಾಹಿತ್ಯಕೃಷಿಗೆ ಹೊಸದೊಂದು ಛಂದಸ್ಸು ಪ್ರಾಪ್ತವಾಯಿತು: ಒಂದು ಹಿಡಿ ಮಂಡಕ್ಕಿಗೆ ಒಂದು ಚಿಕ್ಕ ವಾಕ್ಯ, ಎರಡು ಹಿಡಿಗೆ ಉಪವಾಕ್ಯ ಸಹಿತ, ಮೆಲುಕು ಹಾಕುವಾಗ ಮಾತ್ರ ವೇದಾಂತ. ಇಂಗ್ಲಿಷ್ ಕುದುರೆ ಆಡುತ್ತಿದ್ದ ದೀರ್ಘ ಭಾಷಣಗಳನ್ನೆಲ್ಲ ನಾನು ನಿರ್ದಯವಾಗಿ ಕತ್ತರಿಸಿ ಅಜ್ಜಂಪುರದ ಮಾತಿಗೆ ಇಳಿಸಿದೆ. ಕನ್ನಡ ಆಡಿದರೆ ಮೊಣಕಾಲೂರಿ ನಿಲ್ಲಿಸುತ್ತಿದ್ದ ಕಾನ್ವೆಂಟಿನಲ್ಲಿ ಕಲಿತವಳು ಮುಪ್ಪಿನಲ್ಲಿ ಎತ್ತಿನ ಬಾಯಲ್ಲಿ “ನಡಿ ಕಣವ್ವ, ಹೊತ್ತಾಯ್ತು” ಅನ್ನಿಸುತ್ತಿರುವುದನ್ನು ನಮ್ಮ ಸಿಸ್ಟರುಗಳು ಎಲ್ಲಿಂದಾದರೂ ನೋಡುತ್ತಿದ್ದರೆ, ದಯವಿಟ್ಟು ಎಕ್ಸ್‌ಕ್ಯೂಸ್ ಮಾಡಲಿ.

ಆ ಕಾನ್ವೆಂಟಿನಿಂದಲೇ ಈ ಕಥೆ ನಮ್ಮ ಮನೆಗೆ ಬಂದದ್ದು. ನನಗಾಗ ಹದಿಮೂರು, ಗೌರಿಗೆ ಎಂಟು. ಬೀರೂರಿನಲ್ಲಿ ನಮ್ಮ ಅಪ್ಪಾಜಿಯ ಕೊಬ್ಬರಿ ಮಂಡಿ ಇತ್ತು. ಅಲ್ಲಿ ಪೇರಿಸಿದ್ದ ಮೂಟೆಗಳ ಮೇಲೆ ಹತ್ತಿದ ಗೌರಿ ಮೂಟೆಗಳ ಸಮೇತ ಕೆಳಗೆ ಬಂದಳು. ತೊಡೆಯ ಮೂಳೆ ಮುರಿಯಿತು. ಬೇಸಿಗೆ ರಜೆಗೆಂದು ನಾನು ಬೋರ್ಡಿಂಗಿನಿಂದ ಬರುವ ಹೊತ್ತಿಗೆ ಸೊಂಟದಿಂದ ಪಾದದವರೆಗೆ ಪ್ಲಾಸ್ಟರು, ಕಿಟಕಿಯ ಪಕ್ಕದಲ್ಲಿ ಮಂಚ, ಮಂಚದ ಮೇಲೆ ಯಾರ ಜೊತೆಗೂ ಮಾತಾಡದೆ ಗೋಡೆ ನೋಡುತ್ತಿದ್ದ ನನ್ನ ತಂಗಿ. ರಜೆಗೆ ಒಂದು ಪುಸ್ತಕ ಒಯ್ಯಲು ಲೈಬ್ರರಿಯ ಸಿಸ್ಟರ್ ಅಪ್ಪಣೆ ಕೊಟ್ಟಿದ್ದರು. ದಿನಕ್ಕೊಂದು ಅಧ್ಯಾಯದಂತೆ ಅದನ್ನು ಕನ್ನಡ ಮಾಡಿ ಹೇಳುತ್ತಾ ಹೋದೆ. ನಾಲ್ಕನೆಯ ಅಧ್ಯಾಯದ ಹೊತ್ತಿಗೆ ಅವಳು ಗೋಡೆ ಬಿಟ್ಟು ನನ್ನನ್ನು ನೋಡತೊಡಗಿದಳು.

ಕೊನೆಯ ದಿನ ಪುಟ ತಿರುಗಿಸುತ್ತೇನೆ, ಪುಟವೇ ಇಲ್ಲ! ಗಂಟೆ ಒಡೆಯಿತು, ಗಾಳಿ ಹೊರಗೆ ಬಂತು, ಅಲ್ಲಿಗೆ ರಟ್ಟು. ನನಗಿಂತ ಮೊದಲು ಓದಿದವರು ಯಾರೋ ಕೊನೆಯ ಅಧ್ಯಾಯವನ್ನು ಹರಿದುಕೊಂಡಿದ್ದರು. ಗೌರಿ ಕತ್ತೆತ್ತಿ ಕಾಯುತ್ತಿದ್ದಾಳೆ, “ಆಮೇಲೆ?” ಅನ್ನುತ್ತಿದ್ದಾಳೆ. ನಾನು ಖಾಲಿ ರಟ್ಟಿನ ಮೇಲೆ ಕಣ್ಣಾಡಿಸುತ್ತಾ, ಓದುವವಳಂತೆ ಅಭಿನಯಿಸುತ್ತಾ, ಹೇಳಿಬಿಟ್ಟೆ: ಕುದುರೆ ಆ ಹುಡುಗಿಯ ಜೊತೆ ಅವಳ ಮನೆಗೇ ಬಂತು, ಸಾಯುವವರೆಗೂ ಅವಳ ಜೊತೆಗೇ ಇತ್ತು, ಬೇರೆ ಯಾರ ಹತ್ತಿರವೂ ಮಾತಾಡಲಿಲ್ಲ, ಅವಳ ಹತ್ತಿರ ಮಾತ್ರ ದಿನಕ್ಕೊಂದು ಮಾತು ಆಡುತ್ತಿತ್ತು.

“ಇದು ಪುಸ್ತಕದಲ್ಲೇ ಇದೆಯಾ?” ಎಂದಳು ಗೌರಿ.

“ಇದೆ,” ಎಂದೆ.

ಮುಂದೆ ಇದೇ ನಾನು ಲೆಕ್ಚರರ್ ಆಗಿ, ಪಾಠದಲ್ಲಿ ಇಲ್ಲದ್ದನ್ನು ಉತ್ತರಪತ್ರಿಕೆಯಲ್ಲಿ ಬರೆದವರಿಗೆಲ್ಲ “ಆನ್ಸರ್ ಫ್ರಮ್ ದ ಟೆಕ್ಸ್ಟ್” ಎಂದು ಕೆಂಪು ಶಾಯಿಯಲ್ಲಿ ಗೀಚಿದವಳು ಎಂಬುದನ್ನು ತಾವು ಗಮನಿಸಬೇಕು.

ಗೌರಿಗೆ ನಿಜ ಹೇಳಲು ಅವಕಾಶಗಳು ಬೇಕಾದಷ್ಟು ಬಂದವು. ಆದರೆ ಅವಳ ಕಾಲು ಸ್ವಲ್ಪ ಕುಂಟಾಗಿಯೇ ಉಳಿಯಿತು, ಆ ಕಾಲಲ್ಲೇ ಅಜ್ಜಂಪುರಕ್ಕೆ ಸೊಸೆಯಾಗಿ ಹೋದಳು, ನಲವತ್ತಕ್ಕೇ ಗಂಡನನ್ನು ಕಳೆದುಕೊಂಡಳು. ಅವನು ತೀರಿಕೊಂಡ ಮೇಲೆ ಹದಿನೈದು ದಿನ ನಾನು ಅವಳ ಜೊತೆಗಿದ್ದಾಗ ಒಮ್ಮೆ ಅಂದಳು: “ಆ ಕುದುರೆ ಬಿಟ್ಟು ಹೋಗ್ಲಿಲ್ಲ ಅಲ್ವಾ ಅಕ್ಕ, ಅದನ್ನೇ ನೆನಸ್ಕೊಂಡು ಮಲಗ್ತೀನಿ.” ಇನ್ನು ನಿಜ ಹೇಳುವುದು ಯಾವ ಬಾಯಿಂದ? ಅವಳೇ ಮೊಮ್ಮಗಳಿಗೆ ಕಥೆ ಹೇಳಿದಳು, ಮೊಮ್ಮಗಳು ಅದನ್ನೇ ಸಿನಿಮಾ ಮಾಡಲು ಹೊರಟಳು, ನಾನು ಡೈಲಾಗ್ ಬರೆಯಲು ಕೂತೆ. ಒಂದು ಸುಳ್ಳು ಇಷ್ಟು ಗೌರವಾನ್ವಿತವಾಗಿ ಬೆಳೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶೂಟಿಂಗಿನ ಕೊನೆಯ ದಿನ ಉಳಿದದ್ದು ಕೊನೆಯ ದೃಶ್ಯ ಒಂದೇ. ಮರುದಿನ ಹೊಲದ ಕೆಲಸ ಇದೆಯೆಂದು ಕೆಂಚಪ್ಪ ರಾಯನನ್ನು ಅಂದೇ ಸಂಜೆ ಕರೆದೊಯ್ಯುವವನಿದ್ದ. ಗೌರಿ ಆ ದೃಶ್ಯ ನೋಡಲೆಂದೇ ಇಸ್ತ್ರಿ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಿದ್ದಳು. ಟೀ ಬಂತು. ಅಷ್ಟರಲ್ಲಿ ಅಫ್ರೀನ್ ಮೊಬೈಲು ನೋಡುತ್ತಾ ಅಂದಳು:

“ದೊಡ್ಡಜ್ಜೀ, ಪುಸ್ತಕ ಪೂರ್ತಿ ಇಂಟರ್ನೆಟ್ಟಲ್ಲಿ ಫ್ರೀ ಇದೆ! ಆದ್ರೆ ಕೊನೇದು ನಾವು ಮಾಡ್ತಿರೋ ಥರ ಇಲ್ವಲ್ಲ? ಇಲ್ಲಿ ಕುದುರೆ ಅವಳ ಜೊತೆ ಮನೆಗೆ ಬರೋದೇ ಇಲ್ಲ.”

ಎಲ್ಲರೂ ನನ್ನತ್ತ ನೋಡಿದರು. ಗೌರಿ ಮಾತ್ರ ನೋಡಲಿಲ್ಲ. ಟೀ ಲೋಟ ಕೆಳಗಿಟ್ಟು, ನಿಧಾನವಾಗಿ ಎದ್ದು, ಕಾಲೆಳೆಯುತ್ತಾ ಹೋಗಿ ರಾಯನ ಪಕ್ಕದ ಕಲ್ಲಿನ ಮೇಲೆ ಕೂತಳು.

“ಯಾವುದು ಶೂಟ್ ಮಾಡ್ಲಿ ದೊಡ್ಡಜ್ಜಿ?” ಸಿಂಚನಾ ಆಕಾಶ ನೋಡುತ್ತಾ ಕೇಳಿದಳು. “ಸಿನಿಮಾ ಶುರುನಲ್ಲೇ ಈ ಕಾದಂಬರಿ ಆಧಾರಿತ ಅಂತ ಹಾಕ್ತಿದ್ದೀವಿ. ಇನ್ನೊಂದು ಗಂಟೆ ಬೆಳಕಿದೆ ಅಷ್ಟೆ.”

ನಾನು ಎದ್ದು ತಂಗಿಯ ಬಳಿಗೆ ಹೋದೆ. ಅರವತ್ತು ವರ್ಷ ಮುಚ್ಚಿಟ್ಟದ್ದನ್ನು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದೆ, ಬಯ್ದಿದ್ದರೆ ಹಗುರಾಗುತ್ತಿತ್ತು.

“ಹಂಗಾದ್ರೆ ಕೊನೇಲಿ ಏನಾಯ್ತು ಅಂತ ನಿಂಗೂ ಗೊತ್ತಿರ್ಲಿಲ್ವಾ?” ಎಂದಳು.

“ಇಲ್ಲ ಕಣೇ.”

“ಇಷ್ಟ್ ವರ್ಷ? ಯಾರೂ ಹೇಳ್ಲಿಲ್ವಾ ನಿಂಗೆ?”

“ಯಾರ್ ಹೇಳ್ತಾರೆ? ನಾನೂ ಹುಡುಕ್ಲಿಲ್ಲ. ಹೆದರಿಕೆ.”

“ಅಯ್ಯೋ ಪಾಪ,” ಎಂದಳು ಗೌರಿ. ತನಗಲ್ಲ, ನನಗೆ! “ನಂಗಾದ್ರೆ ನೀನಿದ್ದೆ ಕಣಕ್ಕಾ. ನಿಂಗೆ ಯಾರೂ ಇರ್ಲಿಲ್ವಲ್ಲೇ. ಹೋಗು, ಆ ಮೊಬೈಲ್ ತಗೊಂಬಾ. ಓದು. ಇವತ್ತು ಒಂದಕ್ಷರ ಸೇರಿಸ್ಬಾರ್ದು.”

ಓದಿದೆ. ಆ ಬಯಲಲ್ಲಿ, ಕಲ್ಲಿನ ಮೇಲೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಕನ್ನಡ ಮಾಡುತ್ತಾ ಓದಿದೆ. ಎಲ್ಲರೂ ಸುತ್ತ ಕೂತರು, ಕೆಂಚಪ್ಪನೂ ಕೂತ. ನಿಜವಾದ ಪುಸ್ತಕದಲ್ಲಿ, ಗಾಳಿ ಬೀಸಿದ ಕೂಡಲೇ ಮಾಯೆಯೆಲ್ಲ ಕರಗಿಹೋಗುತ್ತದೆ. ಕುದುರೆ ಏನನ್ನೋ ಹೇಳಲು ಬಾಯಿ ತೆರೆಯುತ್ತದೆ, ಬರುವುದು ಬರಿಯ ಹೇಷಾರವ. ಹುಡುಗಿ ಅದರ ಕೊರಳನ್ನು ಒಮ್ಮೆ ಅಪ್ಪಿ ಮನೆಯ ದಾರಿ ಹಿಡಿಯುತ್ತಾಳೆ. ತಿರುಗಿ ನೋಡಿದರೆ ಕಾಣುವುದು ಬರೀ ಒಂದು ಕುದುರೆ ಎಂದು ಗೊತ್ತಿರುವುದರಿಂದ ತಿರುಗಿ ನೋಡುವುದಿಲ್ಲ. ಎಷ್ಟು ಒಳ್ಳೆಯ ಕೊನೆ! ನನ್ನದಕ್ಕಿಂತ ನೂರು ಪಾಲು ಮೇಲು. ಹದಿಮೂರರಲ್ಲಿ ಅದನ್ನು ಓದಿದ್ದರೆ, ಬೋರ್ಡಿಂಗಿಗೆ ವಾಪಸು ಹೋಗುವ ಪ್ರತಿ ಜೂನಿನಲ್ಲಿ ಬೀರೂರು ಸ್ಟೇಶನ್ನಿನ ಕಡೆ ತಿರುಗಿ ತಿರುಗಿ ನೋಡುವುದನ್ನು ಬಹುಶಃ ಬಿಡುತ್ತಿದ್ದೆ.

ಗೌರಿ ಸೆರಗಿನಿಂದ ಮೂಗು ಒರೆಸಿಕೊಂಡು ತೀರ್ಪು ಕೊಟ್ಟಳು: “ಚೆನ್ನಾಗಿದೆ. ಬರ್ದೋರು ದೊಡ್ಡೋರು. ಆದ್ರೆ ಅದು ಅವರ ಕುದುರೆ. ನಮ್ಮ ಎತ್ತು ಹಂಗ್ ಮಾಡಲ್ಲ.”

“ಸರಿಯಾಗ್ ಹೇಳಿದ್ರಿ ಅಮ್ಮಾರು,” ಎಂದ ಕೆಂಚಪ್ಪ. “ನಮ್ ರಾಯ ಎಲ್ಲಿ ಬಿಟ್ರೂ ಮನೇಗೇ ಬತ್ತಾನೆ.”

ಒಬ್ಬ ಸಾಹಿತ್ಯದ ಅಧ್ಯಾಪಕಿಯಾಗಿ ನಾನು ಜೀವನವಿಡೀ ಮೂಲಕೃತಿಗೆ ನಿಷ್ಠೆ ಎಂದು ಬೋಧಿಸಿದವಳು. ಕಥೆಯನ್ನು ಬರೆದವರಿಗೆ ನಿಷ್ಠರಾಗಿರುವಂತೆಯೇ, ಅದನ್ನು ನಂಬಿ ಬದುಕು ಸಾಗಿಸಿದವರಿಗೂ ನಿಷ್ಠರಾಗಿರಬೇಕಾಗುತ್ತದೆ ಎಂಬುದು ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ. ಸಿಂಚನಾ ಆಗಲೇ ಕ್ಯಾಮೆರಾ ಹೆಗಲಿಗೇರಿಸಿದ್ದಳು. “ಕಾದಂಬರಿ ಆಧಾರಿತ, ಕೊನೆಯ ಅಧ್ಯಾಯ ಹೊರತು ಅಂತ ಹಾಕ್ತೀನಿ,” ಎಂದು ಕೂಗಿದಳು. “ದೊಡ್ಡಜ್ಜೀ, ಎತ್ತಿನ ಲಾಸ್ಟ್ ಡೈಲಾಗ್, ರೆಡೀನಾ?”

ಹುಡುಗಿಯ ಪಾರ್ಟು ಮಾಡುತ್ತಿದ್ದ ನಾಲ್ಕನೇ ಕ್ಲಾಸಿನ ಹರ್ಷಿತಾ ರಾಯನ ಹಗ್ಗ ಹಿಡಿದು ಊರ ದಾರಿಯಲ್ಲಿ ನಿಂತಳು. ಎತ್ತಿನ ದನಿಯೂ ನನ್ನದೇ ಆದ್ದರಿಂದ ಅಫ್ರೀನ್ ನನ್ನ ಬಾಯಿಯ ಬಳಿಗೆ ಮೈಕ್ ಹಿಡಿದಳು. ಕೈಯಲ್ಲಿದ್ದ ಹಾಳೆಯಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ ನಾನೇ ಹುಟ್ಟಿಸಿದ್ದ ಕೊನೆಯ ಮಾತನ್ನು ಅಚ್ಚುಕಟ್ಟಾಗಿ ಬರೆದಿಟ್ಟಿದ್ದೆ: ಹೆದರಬೇಡ, ಮುಂದೇನಾಗುತ್ತದೆಂದು ನನಗೆಲ್ಲ ಗೊತ್ತು. ಅದನ್ನು ನೋಡಿದೆ. ಪಕ್ಕದಲ್ಲಿದ್ದ ಗೌರಿಯನ್ನು ನೋಡಿದೆ. ಹಾಳೆ ಮಡಿಚಿದೆ.

“ಹೆದರ್ಬೇಡ ಕಣವ್ವ,” ಎಂದೆ ಎತ್ತಿನ ದನಿಯಲ್ಲಿ. “ಮುಂದೇನೋ ನಂಗೂ ಗೊತ್ತಿಲ್ಲ. ನಡಿ, ಹೋಗ್ತಾ ಹೋಗ್ತಾ ನೋಡಣ.”

ಸಿಂಚನಾ ಕಟ್ ಅನ್ನುವುದನ್ನೂ ಕಾಯದೆ ಗೌರಿ ನನ್ನ ತೋಳು ತಿವಿದಳು. “ಇದೂ ಪುಸ್ತಕದಲ್ಲೇ ಇದೆ ಅಂತೀಯಾ?”

“ಇಲ್ಲ ಕಣೇ,” ಎಂದೆ. “ಇದು ನಂದು.”