ಹಗೇವಿನ ಎಣಿಕೆ

ಇದನ್ನು ಕಥೆ ಎಂದುಕೊಂಡು ಓದಿದರೂ ನನಗೆ ಬೇಸರವಿಲ್ಲ. ಆದರೆ ನನಗೆ ಕಥೆ ಕಟ್ಟಲು ಬರುವುದಿಲ್ಲ, ಎಣಿಸಲು ಬರುತ್ತದೆ. ಗದಗಿನ ಒಂದು ಗೋದಾಮಿನಲ್ಲಿ ಚೀಲ ಎಣಿಸಿ ಬರೆದಿಡುವುದು ನನ್ನ ಕೆಲಸ. ರಾತ್ರಿ ದಿನಚರಿ ಬರೆಯುವುದು ಚಟ. ಎಷ್ಟು ಗಂಟೆಗೆ ಎದ್ದೆ, ಯಾವ ಬಸ್ಸು ಸಿಕ್ಕಿತು, ಎಷ್ಟು ಇಟ್ಟಿಗೆ ಬಂದವು... ಎಲ್ಲ ಅದರಲ್ಲಿದೆ. ನಾನು ಹೇಳಹೊರಟಿರುವುದೂ ಅದರಲ್ಲಿದೆ. ಒಂದು ಪುಟವನ್ನು ಮಾತ್ರ ಬರೆದ ನೆನಪಿಲ್ಲ. ಕೈಬರಹ ನನ್ನದೇ.

ಅಕ್ಕ ಗಿರಿಜಾ ಬೆಟಗೇರಿಯ ಒಂದು ಶಾಲೆಯಲ್ಲಿ ಶಿಕ್ಷಕಿ. ಅಪ್ಪ, ಅವ್ವ ಹೋದ ಮೇಲೆ ನನ್ನನ್ನು ಓದಿಸಿದವಳು ಅವಳೇ. ಶಿರಹಟ್ಟಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಅವಳ ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದ ಕೆಳಗೆ ಬಲವಿಲ್ಲ. ಇನ್ನು ಗಾಲಿಕುರ್ಚಿಯೇ ಗತಿ ಎಂದು ವೈದ್ಯರು ಹೇಳಿಬಿಟ್ಟರು. ಅವಳ ಬಾಡಿಗೆ ಮನೆ ಇದ್ದದ್ದು ಎರಡನೇ ಮಹಡಿಯಲ್ಲಿ. ನಮಗೆ ಉಳಿದದ್ದೆಂದರೆ ಲಕ್ಷ್ಮೇಶ್ವರದ ಪೇಟೆಯ ಹಿಂದಿನ ಓಣಿಯಲ್ಲಿರುವ ಅಜ್ಜನ ಮನೆ. ಹನ್ನೆರಡು ವರ್ಷದಿಂದ ಬೀಗ ಹಾಕಿದ್ದ ಮಣ್ಣಿನ ಮಾಳಿಗೆಯ ಮನೆ.

ಅಕ್ಕನನ್ನು ಆಸ್ಪತ್ರೆಯಿಂದ ಬಿಡಲು ಇನ್ನು ಹದಿನೆಂಟು ದಿನ ಇತ್ತು. ಬಾಗಿಲು ಅಗಲ ಮಾಡಬೇಕು, ಮೆಟ್ಟಿಲು ಒಡೆದು ಇಳಿಜಾರು ಮಾಡಬೇಕು, ನೆಲ ಸಮ ಮಾಡಬೇಕು. ಗೋಡೆಗೆ ತಿಳಿಹಸಿರು ಬಣ್ಣ. ಅದು ಅಕ್ಕನ ಹುಕುಂ.

"ಲೇ ತಮ್ಮಾ, ಬಾಗಲಾ ಎಷ್ಟ ಅಗಲ ಇಡಸೀ?" ಎಂದು ಆಸ್ಪತ್ರೆಯಿಂದ ಫೋನ್ ಮಾಡಿ ಕೇಳುತ್ತಿದ್ದಳು.

"ಮೂರೂವರಿ ಫೂಟ್, ಅಕ್ಕಾ."

"ಅಷ್ಟರಾಗ ನಾನಷ್ಟ ಅಲ್ಲ, ಎಮ್ಮೀನೂ ಹಾದು ಹೊಕ್ಕೈತಿ ಬಿಡು!"

ನಗುತ್ತಿದ್ದಳು. ಫೋನ್ ಇಟ್ಟ ಮೇಲೆ ಅಳುತ್ತಿದ್ದಳೆಂದು ನರ್ಸಮ್ಮ ಹೇಳಿದ್ದರು.

ಬೆಳಿಗ್ಗೆ ಏಳರ ಬಸ್ಸಿಗೆ ಗದಗ, ಸಂಜೆ ಏಳಕ್ಕೆ ವಾಪಸು, ಆಮೇಲೆ ಗಾರೆಕೆಲಸದ ಗೌಂಡಿಗಳು ಬಿಟ್ಟುಹೋದ ಮಣ್ಣು ಎತ್ತಿಹಾಕುವುದು. ಆ ದಿನಗಳಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ನಿದ್ದೆ ಮಾಡಿದ್ದು ದಿನಚರಿಯಲ್ಲಿ ಎಲ್ಲಿಯೂ ಇಲ್ಲ.

ಓಣಿಯ ಮಟ್ಟಕ್ಕಿದ್ದ ಕೋಣೆ ಎಂದರೆ ಪಡಸಾಲೆ ಒಂದೇ. ಅಕ್ಕನ ಮಂಚ ಅಲ್ಲಿಯೇ ಬರಬೇಕು. ಆದರೆ ಪಡಸಾಲೆಯ ನಟ್ಟನಡುವೆ ಹಗೇವು ಇತ್ತು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು. ಮೇಲೆ ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು, ಎರಡಾಳು ಆಳ. ಬಾಯಿಗೆ ಹಾಸುಗಲ್ಲು ಮುಚ್ಚಿದ್ದರು.

"ಈ ಕಲ್ಲಿನ ಮ್ಯಾಲ ಮಂಚ, ಗಾಡಿ ಅಂದ್ರ ಭರೋಸಾ ಇಲ್ರಿ," ಎಂದ ಗೌಂಡಿ ದಾವಲಸಾಬ. "ಒಳಗಿನ ಹೊಟ್ಟು ತಗದು, ಗರಸು ತುಂಬಿ, ಕಾಂಕ್ರೀಟ್ ಹಾಕೋಣು."

ಆರನೇ ದಿನ, ಭಾನುವಾರ, ಹಗೇವು ತೆರೆದೆವು. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಅದಕ್ಕೆಂದೇ ಇಲ್ಲೇ ಹತ್ತಿರದ ಮಾಗಡಿಯಿಂದ ಬಂದಿದ್ದ. ಹುಡುಗನಾಗಿದ್ದಾಗ ಅದರೊಳಗೆ ಎಷ್ಟೋ ಸಲ ಇಳಿದವನು ಅವನು.

ಕಲ್ಲು ಸರಿಸಿದಾಗ ಬಂದ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಹಳೇ ಜೋಳ, ಬೂದಿ, ಬೆಚ್ಚಗಿನ ಮುಗ್ಗು... ಯಾರೋ ಬಹಳ ಹೊತ್ತು ಹಿಡಿದಿಟ್ಟ ಉಸಿರು ಬಿಟ್ಟ ಹಾಗೆ. ಎರಡು ತಾಸು ಗಾಳಿಗೆ ಬಿಟ್ಟು, ದೊಡ್ಡಪ್ಪ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದ. ದೀಪ ಆರಲಿಲ್ಲ. ಆರಿದ್ದರೆ ಒಳಗೆ ಕೆಟ್ಟ ಗಾಳಿ ಇದೆ ಎಂದು ಅರ್ಥ. ದಾವಲಸಾಬನ ಆಳು ಫಕ್ಕೀರಪ್ಪ ಸೊಂಟಕ್ಕೆ ಹಗ್ಗ ಬಿಗಿದು ಇಳಿದ.

"ಗೋದಾಮಿನ್ಯಾಗ ಎಣಸಾವ ನೀನಲಾ? ಬಾ, ಇಲ್ಲಿ ಕುಂಡ್ರು," ಎಂದ ದೊಡ್ಡಪ್ಪ. "ಕೆಳಗಿನಾವ ಬುಟ್ಟಿ ತುಂಬಿದ ಕೂಡ್ಲೆ ಎಣಿಕಿ ಕೂಗತಾನ. ಮ್ಯಾಲಿನಾವ ಅದನ್ನ ತಿರುಗಿ ಕೂಗಬೇಕು. ಕೆಳಗಿನ ದನಿ ನಿಂತ್ರ ಉಸುರ ಕಟ್ಟೇತಿ ಅಂತ ತಿಳದು ಎಳಕೋಬೇಕು. ಮ್ಯಾಲಿನ ದನಿ ನಿಂತ್ರ ಅಂವಾ ಗಾಬರಿ ಆಗತಾನ. ಕತ್ತಲದಾಗ ಒಬ್ಬನ ಇರತಾನಲಾ."

"ಒಂದು!" ಎಂದೆ ನಾನು, ಮೊದಲ ಬುಟ್ಟಿಗೆ.

"ಒಂದಲ್ಲಲೇ ಹುಚ್ಚಪ್ಯಾಟಿ! ಲಾಭ ಅನ್ನು. ಮನ್ಯಾಗ ಕಾಳು ಅಳಿಯೋದು ಕಂಡಿಲ್ಲೇನು? ಲಾಭ, ಎರಡು, ಮೂರು... ಕಡೀ ಬುಟ್ಟಿ ಆದ ಮ್ಯಾಲ ಸುಮ್ನ ಬಿಡೂದಲ್ಲ, 'ಆತು, ಮ್ಯಾಲ ಬಾ' ಅನ್ನಬೇಕು. ಅಲ್ಲಿಗೆ ಲೆಕ್ಕ ಮುಗೀತು. ತಿಳೀತಿಲ್ಲೋ?"

ತಿಳಿಯಿತು. ಇಪ್ಪತ್ತಮೂರು ಬುಟ್ಟಿ ಕೊಳೆತ ಹೊಟ್ಟು ಬಂತು. ದೊಡ್ಡಪ್ಪ ಕಟ್ಟೆಯ ಮೇಲೆ ಚಹಾ ಕುಡಿಯಲು ಹೋಗಿದ್ದ. ಇಪ್ಪತ್ತಮೂರು ಎಂದು ನಾನು ಕೂಗುವಷ್ಟರಲ್ಲಿ ಅಕ್ಕನ ಫೋನ್ ಬಂತು. ನಾನು ಎದ್ದು ಹೋದೆ.

ತಿರುಗಿ ಬಂದಾಗ ಫಕ್ಕೀರಪ್ಪ ತಾನೇ ಮೇಲೆ ಬಂದು ಮೈ ಕೊಡವಿಕೊಳ್ಳುತ್ತಿದ್ದ. "ಏನ್ರೀ ಸಣ್ಣ ಸಾವ್ಕಾರ್ರ, ನನ್ನ ಕೆಳಗ ಬಿಟ್ಟು ಫೋನಿಗೆ ಹೋದ್ರಲಾ? ನಮ್ಮನಿಯಾಕಿ ಬಂದು ಕೇಳಿದ್ರ ಏನ್ ಉತ್ತರಾ ಹೇಳತಿದ್ರಿ?" ಎಂದು ನಕ್ಕ. ನಾನೂ ನಕ್ಕೆ. 'ಆತು, ಮ್ಯಾಲ ಬಾ' ಎಂದು ನಾನು ಹೇಳಿರಲಿಲ್ಲ. ಆಳು ಮೇಲೆ ಬಂದಾಗಿತ್ತಲ್ಲ!

ಮರುದಿನದಿಂದ ಗರಸು ಮಣ್ಣು ತುಂಬಿ ಗುದ್ದಿದರು. ಹತ್ತನೇ ದಿನ ಕಾಂಕ್ರೀಟ್ ಬಿತ್ತು.

ಕಾಂಕ್ರೀಟಿಗೆ ಹೊತ್ತುಹೊತ್ತಿಗೆ ನೀರುಣಿಸಬೇಕು. ನಮ್ಮ ಓಣಿಗೆ ನಳ ಬರುವುದು ಅದರ ಮನಸ್ಸಿಗೆ ಬಂದಾಗ, ಅದೂ ಅಪರಾತ್ರಿ. ಅದಕ್ಕೆ ನಾನು ಒಳಗಿನ ಅಡುಗೆಮನೆಯಲ್ಲಿ ಚಾಪೆ ಹಾಸಿ ಅಲ್ಲೇ ಮಲಗುತ್ತಿದ್ದೆ.

ಹನ್ನೊಂದನೇ ದಿನ, ಶುಕ್ರವಾರ ರಾತ್ರಿ. ಎರಡು ನಲವತ್ತು. ಎಚ್ಚರವಾಯಿತು. ಮೊದಲು ಬಂದದ್ದು ವಾಸನೆ. ಒದ್ದೆ ಸಿಮೆಂಟಿನದಲ್ಲ... ಹಳೇ ಜೋಳ, ಬೂದಿ, ಮುಗ್ಗು.

ಆಮೇಲೆ ದನಿ.

"ಲಾಭ..."

ಗಂಡಸಿನದು. ತಗ್ಗಿನಿಂದ ಬಂದಂತೆ. ಕೂಗಿದ್ದಲ್ಲ, ದಣಿದವರು ಹೇಳುವ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಲಾಭ..."

ಪೇಟೆಯಲ್ಲಿ ಹಮಾಲರು ಲಾರಿಗೆ ಚೀಲ ಹಾಕುತ್ತಿರಬೇಕು ಎಂದುಕೊಂಡೆ. ಬಾಗಿಲು ತೆರೆದು ನೋಡಿದೆ. ಓಣಿ ಖಾಲಿ. ಕಟ್ಟೆಯ ಕೆಳಗಿನ ನಾಯಿ ತಲೆಯನ್ನೂ ಎತ್ತಲಿಲ್ಲ. ಹೊರಗೆ ದನಿ ಕೇಳುತ್ತಿರಲಿಲ್ಲ. ಒಳಗೆ ಬಂದರೆ ಕೇಳುತ್ತಿತ್ತು.

"ಲಾಭ..."

ಒಂದೇ ಮಾತು, ಬೆಳಗಿನವರೆಗೆ. ಎರಡಕ್ಕೆ ಹೋಗಲೇ ಇಲ್ಲ. ದಿನಚರಿಯಲ್ಲಿ ಇಷ್ಟೇ ಬರೆದೆ: 'ನಿದ್ದೆ ಕಡಿಮೆ. ಸದ್ದು.'

ಶನಿವಾರ ಗೋದಾಮಿನಲ್ಲಿ ಎರಡು ಲಾರಿ ಹೆಚ್ಚು ಬಂದಿದ್ದವು. ರಾತ್ರಿ ಬಂದು ನೆಲಕ್ಕೆ ಹದಿನೆಂಟು ಕೊಡ ನೀರು ಹೊಯ್ದು, ಊಟ ಮಾಡದೆ ಮಲಗಿದೆ. ನಿದ್ದೆಯಲ್ಲೂ ಚೀಲಗಳೇ. ಯಾರೋ ಎಣಿಕೆ ಕೂಗುತ್ತಿದ್ದಾರೆ, ನಾನು ಬರೆದುಕೊಳ್ಳಬೇಕು...

"ಲಾಭ..."

"ಲಾಭ," ಎಂದೆ ನಾನು.

ನನ್ನ ದನಿಗೇ ನನಗೆ ಎಚ್ಚರವಾಯಿತು. ಮನೆ ಸ್ತಬ್ಧ. ಆಮೇಲೆ ಪಡಸಾಲೆಯ ನೆಲದ ಕೆಳಗಿನಿಂದ... ನಿಟ್ಟುಸಿರು ಬಿಟ್ಟಂತೆ...

"ಎರಡು."

ಓಡಿಹೋಗಬಹುದಿತ್ತು. ಯಾಕೆ ಓಡಲಿಲ್ಲ ಎಂದು ಬಹಳ ಸಲ ಯೋಚಿಸಿದ್ದೇನೆ. ಮೇಲಿನ ದನಿ ನಿಂತರೆ ಕೆಳಗಿನವನು ಗಾಬರಿಯಾಗುತ್ತಾನೆ ಎಂಬ ದೊಡ್ಡಪ್ಪನ ಮಾತು ತಲೆಯಲ್ಲಿತ್ತು. ಗಾಬರಿಯಾದರೆ ಅವನು ಏನು ಮಾಡುತ್ತಾನೆ? ಅದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವುದೂ ಬೇಕಿರಲಿಲ್ಲ.

"ಎರಡು," ಎಂದೆ.

"ಮೂರು."

ಇಪ್ಪತ್ತಮೂರಕ್ಕೆ ನಿಲ್ಲುತ್ತದೆ ಎಂದು ಕಾದೆ. ಹೊರಗೆ ತೆಗೆದದ್ದು ಅಷ್ಟೇ ಬುಟ್ಟಿ. ಇಪ್ಪತ್ತಮೂರು ಬಂತು. ನಾನು ತಿರುಗಿ ಹೇಳಿದೆ. ಪಡಸಾಲೆಯ ಕಡೆ ಕಿವಿ ಕೊಟ್ಟೆ.

"ಇಪ್ಪತ್ನಾಲ್ಕು..."

ನಸುಕಿನಲ್ಲಿ ಮಸೀದಿಯ ಬಾಂಗ್ ಕೇಳಿದಾಗ ದನಿ ನಿಂತಿತು. ದೀಪ ಹಾಕಿ ನೋಡಿದರೆ ದಿನಚರಿ ತೊಡೆಯ ಮೇಲಿತ್ತು. ಪುಟದ ತುಂಬ ಐದೈದರ ಗೀಟುಗಳು. ಅರವತ್ತೆರಡು ಕಟ್ಟು, ಮೇಲೆ ಎರಡು. ಮುನ್ನೂರಾ ಹನ್ನೆರಡು.

ಭಾನುವಾರ ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ದೊಡ್ಡಪ್ಪಾ, ನಮ್ಮ ಹಗೇವಿನ್ಯಾಗ ಯಾರರೆ ಸತ್ತಿದ್ರೇನು?"

"ಏ ಇಲ್ಲಲೇ. ನಮ್ಮಪ್ಪನ ಕಾಲಕ್ಕೂ ಇಲ್ಲ, ನನ್ನ ಕಾಲಕ್ಕೂ ಇಲ್ಲ. ಯಾಕ?"

ಹೇಳಿದೆ. ಆ ಕಡೆ ಅವನ ಹಿಂದೆ ಎಮ್ಮೆ ಕೂಗುವುದು ಕೇಳಿತು. "ನಿದ್ದಿಗೆಟ್ಟ ತಲಿ. ಎರಡು ದಿನ ಇಲ್ಲಿ ಬಾ, ರೊಟ್ಟಿ ತಿಂದು ಮಲಕೊ," ಎಂದ. ಆಮೇಲೆ ದನಿ ತಗ್ಗಿಸಿ, "ಮ್ಯಾಲ ಬಾ ಅಂದೇನು?" ಎಂದು ಕೇಳಿದ.

"ಇಲ್ಲ."

"ಹಂಗಾರ ಛಲೋ ಆತು." ಫೋನ್ ಇಟ್ಟುಬಿಟ್ಟ.

ಆಗ ನನಗೆ ತಿಳಿಯಿತು, ನಾನು ಎಂಥಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು. ಲೆಕ್ಕ ಮುಗಿಸುವ ಮಾತು ಒಂದೇ. ಅದನ್ನು ಹೇಳಿದರೆ ದನಿ ನಿಲ್ಲಬಹುದು. ಆದರೆ ಆ ಮಾತು ಕರೆಯುವ ಮಾತು. ಬರುವ ಶುಕ್ರವಾರದಿಂದ ಅದೇ ನೆಲದ ಮೇಲೆ ಅಕ್ಕ ಮಲಗುತ್ತಾಳೆ. ಎದ್ದು ಓಡಲಾರದ ಅಕ್ಕ.

ಕೆಲಸ ನಿಲ್ಲಿಸುವಂತಿರಲಿಲ್ಲ. ಹಗಲು ದಾವಲಸಾಬ ಟೈಲ್ಸ್ ಕೂರಿಸಿದ, ಬಣ್ಣದವರು ಹಸಿರು ಬಳಿದರು, ಗೋಡೆಗೆ ಹಿಡಿಕೆ ಬಂತು. ರಾತ್ರಿ ನಾನು ಎಣಿಸಿದೆ. ಎಣಿಕೆ ಮೊದಲಿನಿಂದ ಶುರುವಾಗಲಿಲ್ಲ. ಹಿಂದಿನ ರಾತ್ರಿ ಬಿಟ್ಟಲ್ಲಿಂದಲೇ. ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ. ಎರಡನೇ ರಾತ್ರಿಗೇ ಹೆದರಿಕೆ ಸವೆದುಹೋಗಿತ್ತು. ಉಳಿದದ್ದು ದಣಿವು. ಅವನಿಗೂ ದಣಿವಿತ್ತು. ಸಾವಿರ ದಾಟಿದ ಮೇಲೆ ಅವನ ದನಿ ಒಡೆಯತೊಡಗಿತು, ನನ್ನದೂ ಒಡೆಯತೊಡಗಿತು. ಕೆಲವು ಸಲ ಯಾವುದು ಯಾರದೆಂದು ನನಗೆ ಗೊತ್ತಾಗುತ್ತಿರಲಿಲ್ಲ. ಗೋದಾಮಿನಲ್ಲಿ ನಲವತ್ತು ಚೀಲ ತಪ್ಪು ಬರೆದು ಮಾಲೀಕರಿಂದ ಬೈಸಿಕೊಂಡೆ. ನಾಲ್ಕು ವರ್ಷದಲ್ಲಿ ಮೊದಲ ತಪ್ಪು.

ಹದಿನೇಳನೇ ದಿನ, ಗುರುವಾರ. ಸಂಜೆ ಅಕ್ಕ ಫೋನ್ ಮಾಡಿದಳು.

"ನಾಳೆ ಬರ್ತೀನಿ, ಗೊತ್ತೈತಿಲ್ಲೋ? ಎರಡು ತಿಂಗಳಾತು ನೋಡು, ನೆಟ್ಟಗ ಮಲಗಿ. ಇಲ್ಲಿ ರಾತ್ರಿ ಎಲ್ಲಾ ನರಳೂದು, ಕೂಗೂದು. ನನಗೇನು ಬ್ಯಾಡ ತಮ್ಮಾ... ಸಪ್ಪಳಿಲ್ಲದ ಒಂದು ಕ್ವಾಣಿ ಸಾಕು."

ಅಷ್ಟು ಸಾಕಾಯಿತು ನನಗೆ. ಇವತ್ತು ಉತ್ತರ ಕೊಡುವುದಿಲ್ಲ ಎಂದು ತೀರ್ಮಾನಿಸಿದೆ. ಏನಾದರೂ ಆಗುವುದಿದ್ದರೆ ಇವತ್ತೇ, ನಾನೊಬ್ಬನೇ ಇರುವಾಗ ಆಗಲಿ. ಚಾಪೆಯನ್ನು ಪಡಸಾಲೆಗೇ ತಂದೆ. ಹಗೇವಿನ ಬಾಯಿ ಇದ್ದಲ್ಲಿ, ಹೊಸ ಟೈಲ್ಸಿನ ಮೇಲೆ ಕುಳಿತೆ. ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಎರಡೂ ನಲವತ್ತಕ್ಕೆ ಅದು ಹೋಗಿ ಜೋಳದ ವಾಸನೆ ಬಂತು.

"ಸಾವಿರದಾ ಐನೂರಾ ನಲವತ್ತೊಂದು..."

ಸುಮ್ಮನೆ ಕುಳಿತೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಅವಸರವಿಲ್ಲ. ನಾನು ಕೇಳಿಸಿಕೊಂಡಿಲ್ಲ ಎಂದುಕೊಂಡಿರಬೇಕು.

ಮೂರನೆಯ ಸಲ ಸ್ವಲ್ಪ ಜೋರಾಗಿ. ಟೈಲ್ಸಿನ ಕೆಳಗೆ ಏನೋ ಸರಿದ ಸದ್ದು... ಯಾರೋ ಮುಖ ಮೇಲೆತ್ತಿ, ಗೋಡೆಗೆ ಕೈ ಹಚ್ಚಿ ನಿಂತ ಹಾಗೆ. ನನ್ನ ತುಟಿ ತಾನಾಗಿ ಅಲುಗಿತು. ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದೆ.

ಬಹಳ ಹೊತ್ತಾಯಿತು. ಹೋಯಿತು ಎಂದುಕೊಂಡೆ. ಆಗ, ನನ್ನ ಕಾಲ ಕೆಳಗೆ, ಮೊದಲ ಬಾರಿಗೆ ಎಣಿಕೆಯಲ್ಲದ ಮಾತು ಬಂತು.

"ಮ್ಯಾಲ ಯಾರರೆ ಅದೀರೇನ್ರಿ?"

ಬೆದರಿಸುವ ದನಿಯಲ್ಲ. ಹೆದರಿದ ದನಿ.

ನಾನು ಬಾಯಿಂದ ಕೈ ತೆಗೆಯಲಿಲ್ಲ. ಬಾಂಗ್ ಆಗುವವರೆಗೆ ಹಾಗೆಯೇ ಕುಳಿತಿದ್ದೆ. ಮತ್ತೆ ಏನೂ ಕೇಳಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಅಕ್ಕ ಬಂದಳು. ಇಳಿಜಾರಿನ ಮೇಲೆ ಯಾರ ಕೈಯೂ ಇಲ್ಲದೆ ತಾನೇ ಗಾಲಿ ತಿರುಗಿಸಿಕೊಂಡು ಒಳಗೆ ಬಂದು, ಪಡಸಾಲೆಯಲ್ಲಿ ಎರಡು ಸುತ್ತು ಹಾಕಿ, "ಎಮ್ಮಿ ಬಂತಲೇ ತಮ್ಮಾ!" ಎಂದು ನಕ್ಕಳು. ಆ ರಾತ್ರಿ ಒಂಬತ್ತಕ್ಕೆ ಮಲಗಿ ಬೆಳಿಗ್ಗೆ ಏಳಕ್ಕೆ ಎದ್ದಳು. ಅವತ್ತಿನಿಂದ ಇವತ್ತಿನವರೆಗೆ ಅವಳಿಗೆ ಒಂದು ಸಪ್ಪಳವೂ ಕೇಳಿಲ್ಲ. ವಾಸನೆಯೂ ಇಲ್ಲ. ಅವಳ ಮುಖಕ್ಕೆ ಬಣ್ಣ ಬಂದಿದೆ, ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾಳೆ.

ಅವಳ ಮಂಚದ ಪಕ್ಕ ನೆಲದ ಮೇಲೆ ನನ್ನ ಹಾಸಿಗೆ. ರಾತ್ರಿ ಎದ್ದರೆ ಅವಳಿಗೆ ಆಸರೆ ಬೇಕು ಎಂದು ಹೇಳಿದ್ದೇನೆ. ಎರಡೂ ನಲವತ್ತಕ್ಕೆ ನನಗೆ ತಾನಾಗಿ ಎಚ್ಚರವಾಗುತ್ತದೆ. ಟೈಲ್ಸಿಗೆ ಕಿವಿ ಹಚ್ಚುತ್ತೇನೆ. ತಣ್ಣಗಿರುತ್ತದೆ. ಕೆಳಗೆ ಏನೂ ಇಲ್ಲ.

ಮೇಲೆ ಯಾರಾದರೂ ಇದ್ದೀರಾ ಎಂದು ಒಬ್ಬ ಮನುಷ್ಯ ಕತ್ತಲಲ್ಲಿ ಕೇಳಿದ. ನಾನು ಇಲ್ಲೇ ಇದ್ದೆ.